ಛಾವಣಿ ತಳ್ಳುತ್ತದೆ, ತೊಲೆ ತಡೆಯುತ್ತದೆ

ಬೆಳಗಿನ ಹೂವಿನ ವ್ಯಾಪಾರದ ಬಿಸಿ ಇಳಿದ ಮೇಲೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ನಲ್ಲಿ ಕಾಲಿಡಲು ಒಂದಿಷ್ಟು ಜಾಗ ಸಿಗುತ್ತದೆ. 1928ರ ಮಾರುಕಟ್ಟೆಯ ಅಂಗಡಿಯೊಂದರ ಮುಂದೆ ಹುಡುಗನೊಬ್ಬ ಎರಡು ಕಾಲಿನ ಏಣಿ ಹತ್ತಿ ಬಲ್ಬು ಹಾಕುತ್ತಿದ್ದ. ಏಣಿಯ ಕಾಲುಗಳ ನಡುವಿನ ಹಗ್ಗ ಅವನ ಭಾರಕ್ಕೆ ಸೆಟೆದು ನಿಂತಿತ್ತು. ಅದನ್ನು ಬಿಚ್ಚಿದರೆ ಕಾಲುಗಳು ಅತ್ತಿತ್ತ ಜಾರಿ ಏಣಿ ನೆಲ ಕಚ್ಚುತ್ತದೆ. ಹೆಂಚಿನ ಮನೆಯ ಛಾವಣಿಯೂ ಹೀಗೆಯೇ.

ಎಲ್ಲ ಕಟ್ಟಡವೂ ಹೀಗೆ ತಳ್ಳುವುದಿಲ್ಲ. ಮಾರ್ಕೆಟ್‌ನಿಂದ ಕೂಗಳತೆಯಲ್ಲಿ, ಕೋಟೆ ವೆಂಕಟರಮಣ ದೇವಸ್ಥಾನದ ಪಕ್ಕಕ್ಕೆ, 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆ. ತೇಗದ ಕಂಬ, ಅದರ ಮೇಲೆ ಅಡ್ಡ ಮಲಗಿದ ತೊಲೆ. ಮೇಲಂತಸ್ತಿನ ಭಾರ ತೊಲೆಯಿಂದ ಕಂಬಕ್ಕೆ, ಕಂಬದಿಂದ ಕಲ್ಲಿಗೆ ನೇರ ಇಳಿಯುತ್ತದೆ. ಪಕ್ಕಕ್ಕೆ ತಳ್ಳುವ ಮಾತೇ ಇಲ್ಲ.

ಚಾಮರಾಜಪೇಟೆಗೆ ಬಂದರೆ ಲೆಕ್ಕ ಬೇರೆ. 1892ರಲ್ಲಿ ರೂಪುಗೊಂಡ ಈ ಬಡಾವಣೆಯಲ್ಲಿ ಹೆಂಚಿನ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಅಂಥದ್ದೊಂದರಲ್ಲಿ ಹೆಂಚು ಇಳಿಸಿ, ಅವು ಕೂರುವ ರೀಪರ್ ಪಟ್ಟಿಗಳನ್ನು ಬದಲಿಸುತ್ತಿದ್ದರು. ಮಂಗಳೂರು ಹೆಂಚು ಒಂದೊಂದೂ 2ರಿಂದ 3 ಕೆ.ಜಿ.; ಚದರ ಮೀಟರಿಗೆ ಸುಮಾರು 15 ಬೇಕು. ಒಂದು ಸಾಧಾರಣ ಕೋಣೆಯ ತಲೆಯ ಮೇಲೇ ಅರ್ಧ ಟನ್ನಿನಷ್ಟು ಭಾರ. ನೆತ್ತಿಯಲ್ಲಿ ಎದುರುಬದುರಾಗಿ ಒರಗಿ ನಿಂತ ಇಳಿಜಾರು ಮರಗಳು, ಅಂದರೆ ಪಕಾಸಿಗಳು, ಈ ಭಾರವನ್ನು ಕೆಳಕ್ಕೆ ಮಾತ್ರ ಇಳಿಸುವುದಿಲ್ಲ, ಗೋಡೆಯ ತಲೆಯನ್ನು ಹೊರಕ್ಕೂ ದಬ್ಬುತ್ತವೆ. ಇಳಿಜಾರು 45 ಡಿಗ್ರಿ ಇದ್ದರೆ ಒಂದು ಬದಿಯ ಭಾರದ ಅರ್ಧದಷ್ಟು, 30ಕ್ಕೆ ಇಳಿದರೆ ಮುಕ್ಕಾಲಿಗೂ ಮೀರಿ! ಛಾವಣಿ ಚಪ್ಪಟೆಯಾದಷ್ಟೂ ದಬ್ಬುವಿಕೆ ಜಾಸ್ತಿ.

ಇದನ್ನು ತಡೆಯುವುದು ಪಕಾಸಿಗಳ ಬುಡವನ್ನು ಗೋಡೆಯಿಂದ ಗೋಡೆಗೆ ಕಟ್ಟಿಹಾಕಿರುವ ಅಡ್ಡತೊಲೆ. ಅದು ಭಾರ ಹೊರುವುದಕ್ಕಿಂತ ಎಳೆತ ತಾಳುವುದೇ ಹೆಚ್ಚು. ಆದ್ದರಿಂದ ತೊಲೆ ಎಷ್ಟು ದಪ್ಪ ಎನ್ನುವುದಕ್ಕಿಂತ ಅದರ ಎರಡು ತುದಿಯ ಕಚ್ಚು, ಬೋಲ್ಟು ಎಷ್ಟು ಭದ್ರ ಎನ್ನುವುದು ಮುಖ್ಯ. ಅಡ್ಡತೊಲೆಯನ್ನೇ ಮೇಲಕ್ಕೇರಿಸಿ ಕಟ್ಟಿದರೆ ಹಿಡಿತ ಸಡಿಲಾಗಿ, ಕೆಳಗುಳಿದ ಪಕಾಸಿ ಬಾಗತೊಡಗುತ್ತದೆ. ಇನ್ನೊಂದು ದಾರಿಯೂ ಉಂಟು: ನೆತ್ತಿಯಲ್ಲೇ ಗಟ್ಟಿ ತೊಲೆಯೊಂದನ್ನು ಎರಡು ತುದಿಯ ತ್ರಿಕೋನ ಗೋಡೆಗಳ ಮೇಲೆ ಕೂರಿಸಿದರೆ, ಪಕಾಸಿಗಳು ಅದರ ಆಸರೆಯಲ್ಲಿ ನಿಲ್ಲುತ್ತವೆ.

“ಈ ತೊಲೆ ತೆಗೆದುಬಿಟ್ರೆ ಹಾಲ್ ಎತ್ತರವಾಗಿ ಕಾಣುತ್ತಲ್ವಾ ಮೇಸ್ತ್ರಿ?” ಎಂದೆ.

“ತೆಗೀಬೋದು ಸಾರ್. ಆಮೇಲೆ ಗೋಡೇನ ಯಾರು ಹಿಡ್ಕೊಳ್ಳೋದು?”

ಮರ ಬೇಡವೆನ್ನುವವರಿಗೆ ಕಬ್ಬಿಣದ ಸರಳಿದೆ. ಮಾರ್ಕೆಟ್ ಪಕ್ಕದ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸರಳು, ನಟ್ಟು, ದಪ್ಪ ವಾಷರು ಎಲ್ಲ ಸಿಗುತ್ತವೆ. ಆದರೆ ಹಳೆಯ ತೊಲೆ ಕೊಯ್ಯುವ ಮೊದಲೇ ಸರಳು ಬಿಗಿದಿರಬೇಕು, ಅದರ ಅಳತೆಯನ್ನು ಎಂಜಿನಿಯರ್ ಹೇಳಬೇಕು.

ಹಳೆಯ ಮನೆಯಲ್ಲಿರುವವರು ಮೂರು ಕಡೆ ಕಣ್ಣಾಡಿಸಿದರೆ ಸಾಕು: ನೆತ್ತಿಯ ಹೆಂಚಿನ ಸಾಲು ನಡುವೆ ತಗ್ಗಿದೆಯೇ, ಅಡ್ಡಗೋಡೆ ಸೇರುವ ಮೂಲೆಯ ಬಿರುಕು ಮೇಲೆ ಹೋದಂತೆ ಅಗಲವಾಗಿದೆಯೇ, ಸೂರಿನಡಿ ಗೋಡೆಯ ತಲೆಯಿಂದ ಇಳಿಬಿಟ್ಟ ತೂಗುಗುಂಡಿನ ದಾರ ಗೋಡೆಯ ಬುಡದಿಂದ ದೂರ ನಿಲ್ಲುತ್ತದೆಯೇ. ಮೂರರಲ್ಲಿ ಒಂದಕ್ಕೆ ಹೌದೆಂದಾದರೂ ಸುಣ್ಣ ಬಳಿಯುವವರನ್ನಲ್ಲ, ಬಡಗಿಯನ್ನು ಮೊದಲು ಕರೆಸಿ.