ಯೋಧರಿಗೆ ಕೊಡುವ ಗಾಡಿ ಓಡುವಂತಿರಲಿ

ಡಿಸೆಂಬರ್ 7 ಸಶಸ್ತ್ರ ಸೇನಾ ಧ್ವಜ ದಿನ. 1949ರಿಂದ ನಡೆದುಬಂದಿರುವ ಈ ದಿನದಂದು ನಾವು ವ್ಯಾಪಾರಸ್ಥರು ಗಲ್ಲೆಯಿಂದ ಒಂದಿಷ್ಟು ತೆಗೆದು ನಿಧಿಯ ಡಬ್ಬಿಗೆ ಹಾಕಿ, ಪುಟ್ಟ ಧ್ವಜವನ್ನು ಅಂಗಿಗೆ ಚುಚ್ಚಿಕೊಳ್ಳುತ್ತೇವೆ. ಒಳ್ಳೆಯದೇ. ಆದರೆ ಅಷ್ಟರಿಂದಲೇ ಗಡಿ ಕಾದವರ ಋಣ ಚುಕ್ತಾ ಆಯಿತೆಂದು ವಹಿಯಲ್ಲಿ ಬರೆಯಲು ಬರುವುದಿಲ್ಲ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ‘ಹಾಗ್ಸ್ ಫಾರ್ ಹೀರೋಸ್’ ಎಂಬ ಸೇವಾಸಂಸ್ಥೆ, ಗಾಯಗೊಂಡು ಮರಳಿದ ಯೋಧರಿಗೆ ಮೋಟಾರ್ ಸೈಕಲ್ ಕೊಡುವ ಕಾರ್ಯವನ್ನು ಕೈಗೊಂಡಿತು. ಅಲ್ಲಿ ಅದು ನೊಂದ ಮನಸ್ಸಿಗೆ ಸಮಾಧಾನ, ಜೊತೆಗಾರರೊಡನೆ ತಿರುಗಾಟ. ನಮ್ಮ ಕಡೆ ಅದು ಕಾಲೇ ಸರಿ.

ಸೋಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಹಳ್ಳಿಗಳಿಂದ ಸೈನ್ಯಕ್ಕೆ ಹೋದವರಿದ್ದಾರೆ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದೂ ನಮಗೆ ಸಮೀಪದ ಬೆಳಗಾವಿಯಲ್ಲೇ. ಜವಾನರಲ್ಲಿ ಅನೇಕರು ನಲವತ್ತರ ಒಳಗೇ ನಿವೃತ್ತರಾಗಿ ಊರಿಗೆ ಬರುತ್ತಾರೆ. ಹೊಲ, ಬ್ಯಾಂಕು, ಪಿಂಚಣಿ ಕೆಲಸ, ದವಾಖಾನೆ ಎಲ್ಲಕ್ಕೂ ದಾರಿ ಸವೆಸಲೇಬೇಕು. ಬಸ್ಸು ದಿನಕ್ಕೆರಡು ಬಾರಿ ಬರುವ ಹಳ್ಳಿಯಲ್ಲಿ ಸ್ವಂತ ಗಾಡಿ ಎಂದರೆ ಅರ್ಧ ಸಂಸಾರ ನಡೆದಂತೆ.

ಇತ್ತ ನಮ್ಮ ಮನೆಗಳಲ್ಲಿ ಮಕ್ಕಳು ಕಾರು ತಂದ ಮೇಲೆ ಹಳೆಯ ಗಾಡಿಗಳು ಗೋದಾಮಿನ ಮೂಲೆಯಲ್ಲಿ ಧೂಳು ತಿನ್ನುತ್ತಿರುತ್ತವೆ. ಅವನ್ನು ದುರಸ್ತಿ ಮಾಡಿಸಿ ಕೊಡಬಹುದಲ್ಲವೇ? ಕೊಡಬಹುದು. ಆದರೆ ನಮಗೆ ಬೇಡವಾದದ್ದನ್ನು ಸಾಗಹಾಕುವುದು ಕೃತಜ್ಞತೆಯಲ್ಲ. ಮೊದಲು ಎಂಜಿನ್, ಬ್ರೇಕ್, ಟೈರು, ಚೈನು, ವೈರಿಂಗ್, ಬಣ್ಣ ಕಟ್ಟಕಡೆಗೆ. ನಮ್ಮ ಮಗನೇ ಅದರ ಮೇಲೆ ರಾತ್ರಿ ಪ್ರಯಾಣ ಮಾಡಬೇಕಾದರೆ ಏನೇನು ನೋಡುತ್ತಿದ್ದೆವೋ ಅಷ್ಟನ್ನೂ ಮಿಸ್ತ್ರಿಯಿಂದ ನೋಡಿಸಬೇಕು.

ಯಾರಿಗೆ ಯಾವ ಗಾಡಿ ಎಂಬುದೂ ವಿಚಾರಿಸತಕ್ಕದ್ದು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಕಂಪನಿ ಸ್ಥಾಪನೆಯಾಗುವ ಮೊದಲಿನಿಂದಲೂ ಬುಲೆಟ್ಟಿಗೂ ನಮ್ಮ ಸೈನ್ಯಕ್ಕೂ ನಂಟು. ಮಾಜಿ ಯೋಧರ ಮನಸ್ಸು ಅದರತ್ತ ಹೋಗುವುದು ಸಹಜ. ಆದರೆ ಹಳೆಯ ಬುಲೆಟ್ಟಿನ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ಕಿಕ್ ಹೊಡೆಯಲು ಮೊಣಕಾಲು ಗಟ್ಟಿ ಇರಬೇಕು. ಮೈಸೂರಿನಲ್ಲಿ 1996ರವರೆಗೆ ತಯಾರಾದ ಯೆಜ್ಡಿ ಅಂದದ ಗಾಡಿಯೇ, ಬಿಡಿಭಾಗ ಹುಡುಕುವುದು ತ್ರಾಸು. ವಯಸ್ಸಾದವರಿಗೆ ಸ್ವಿಚ್ ಒತ್ತಿದರೆ ಹೊರಡುವ, ತಾಲೂಕಿನ ಯಾವ ಅಂಗಡಿಯಲ್ಲೂ ಸಾಮಾನು ಸಿಗುವ ನೂರು ಸಿ.ಸಿ. ಗಾಡಿಯೇ ಮೇಲು. ಕಾಲಿಗೆ ಊನವಿದ್ದವರಿಗೆ ಗೇರಿಲ್ಲದ ಸ್ಕೂಟರಿಗೆ ಪಕ್ಕದ ಚಕ್ರ ಜೋಡಿಸಬೇಕು. ಅದಕ್ಕೆ ಸಾರಿಗೆ ಕಚೇರಿಯ ಒಪ್ಪಿಗೆ ಮತ್ತು ನೋಂದಣಿ ಪುಸ್ತಕದಲ್ಲಿ ದಾಖಲೆ ಆಗಬೇಕು.

ಕೀಲಿಕೈ ಕೊಟ್ಟು ಕಾಗದ ಇಟ್ಟುಕೊಂಡರೆ ಅದು ದಾನವಲ್ಲ, ತೊಡಕು. 29 ಮತ್ತು 30ನೇ ನಮೂನೆ ತುಂಬಿ ಗಾಡಿಯನ್ನು ಅವರ ಹೆಸರಿಗೇ ಮಾಡಿಸಬೇಕು. ವಿಜಯಪುರದ ಬೀಗರ ಮನೆಯ ಕರ್ನಾಟಕದ ನಂಬರಿನ ಗಾಡಿಯನ್ನು ಜತ್ತದಲ್ಲಿರುವವರಿಗೆ ಕೊಡುವುದಾದರೆ 28ನೇ ನಮೂನೆಯ ನಿರಾಕ್ಷೇಪಣಾ ಪತ್ರವೂ ಬೇಕು. ಹದಿನೈದು ವರ್ಷ ದಾಟಿದ ಗಾಡಿಯಾದರೆ ನೋಂದಣಿ ನವೀಕರಿಸಬೇಕು. ಈ ಶುಲ್ಕಗಳನ್ನೂ ಮೊದಲ ವರ್ಷದ ವಿಮೆಯನ್ನೂ ಕೊಡುವವರೇ ಕಟ್ಟುವುದು ಮರ್ಯಾದೆ. ಎಲ್ಲ ಸೇರಿ ಗಾಡಿಯ ಬೆಲೆಗಿಂತ ಖರ್ಚೇ ಹೆಚ್ಚಾದರೆ ಆ ಹಣದಲ್ಲಿ ಬೇರೊಂದು ಒಳ್ಳೆಯ ಗಾಡಿ ಕೊಳ್ಳುವುದು ಲೇಸು.

ಯಾರಿಗೆ ಅಗತ್ಯವಿದೆ ಎಂಬುದನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿದರೆ ತಿಳಿದೀತು. ಸೇವೆಯಿಂದ ಬಂದ ಮೇಲೆ ಅಂಗವಿಕಲರಾದ ಮಾಜಿ ಸೈನಿಕರಿಗೆ ಮಾರ್ಪಡಿಸಿದ ಸ್ಕೂಟರಿಗೆಂದು ಕೇಂದ್ರೀಯ ಸೈನಿಕ ಮಂಡಳಿಯ ನೆರವೂ ಇದೆ. ಅರ್ಜಿ ಬರೆದುಕೊಟ್ಟು ಕಚೇರಿಗೆ ಜೊತೆಯಲ್ಲಿ ಹೋಗಿ ಬರುವುದೂ ಒಂದು ಉಪಕಾರವೇ.

ಕೊನೆಯ ಮಾತು. ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಫೋಟೋ ತೆಗೆಸುವ ಮುಂಚೆ ಅವರ ಮನೆಗೆ ಹೋಗಿ, ‘ಅಣ್ಣಾ, ನಿಮಗೆ ಇದು ಉಪಯೋಗವಾದೀತೇ?’ ಎಂದು ಕೇಳೋಣ. ಬೇಡವೆಂದರೆ ಕೈಮುಗಿದು ಬರೋಣ. ಸಾಲ ಕೊಟ್ಟವರು ಅವರು, ತೀರಿಸಬೇಕಾದವರು ನಾವು. ಸಾಲ ತೀರಿಸುವವನು ತಲೆ ತಗ್ಗಿಸಿ ಕೊಡುವುದೇ ನಮ್ಮ ಪೇಟೆಯ ರೀತಿ.