ಬೆಳಕು ನಡೆವ ನೇರ ದಾರಿ

1980ರ ಫೆಬ್ರವರಿ 16ರಂದು ಉತ್ತರ ಕನ್ನಡದ ಕರಾವಳಿಯಿಂದ ರಾಯಚೂರಿನ ಸೀಮೆಯವರೆಗೆ ಹಾಯ್ದ ಖಗ್ರಾಸ ಸೂರ್ಯಗ್ರಹಣವನ್ನು ನಾನು ನೋಡಲಿಲ್ಲ. ಆಗ ನಾನಿನ್ನೂ ಹುಡುಗ. ಮನೆಯವರು ನೀರಿನ ಪಾತ್ರೆಗಳಿಗೆ ದರ್ಭೆ ಹಾಕಿ, ಬಾಗಿಲು ಮುಚ್ಚಿ, ನಮ್ಮನ್ನೆಲ್ಲ ಒಳಗೆ ಕೂರಿಸಿದ್ದರು. ಬಾಗಿಲ ಸಂದಿಯಿಂದ ಬಂದ ಬೆಳಕಿನ ಕೋಲು ಮಂಕಾಗಿ ಅಳಿಸಿಹೋದುದಷ್ಟೇ ನೆನಪು. ಆ ಕೋಲು ನೆಟ್ಟಗಿತ್ತು. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆಂದು ಶಾಲೆಯಲ್ಲಿಯೂ ಓದಿದ್ದೆ. ಅಂಥದೇ ಇನ್ನೊಂದು ಗ್ರಹಣ ಆ ಪಾಠವನ್ನೇ ಪರೀಕ್ಷೆಗೊಡ್ಡಿತ್ತೆಂದು ತಿಳಿದದ್ದು ಬಹುಕಾಲದ ಮೇಲೆ.

ಅದು 1919ರ ಮೇ 29ರ ಗ್ರಹಣ. ಆಫ್ರಿಕದ ಪಶ್ಚಿಮಕ್ಕಿರುವ ಪ್ರಿನ್ಸಿಪೆ ದ್ವೀಪದಲ್ಲಿ ಎಡಿಂಗ್ಟನ್ನರೂ ಬ್ರೆಜಿಲಿನ ಸೊಬ್ರಾಲ್‌ನಲ್ಲಿ ಮತ್ತೊಂದು ತಂಡದವರೂ ಮುಚ್ಚಿದ ಸೂರ್ಯನ ಸುತ್ತ ಕಂಡ ನಕ್ಷತ್ರಗಳ ಚಿತ್ರ ತೆಗೆದರು. ನಮ್ಮ ರೋಹಿಣಿಯ ದಿಕ್ಕಿನಲ್ಲೇ ಕಾಣುವ ಹಯಾಡೀಸ್ ಗುಚ್ಛದ ನಕ್ಷತ್ರಗಳವು. ಸೂರ್ಯನಿಲ್ಲದ ರಾತ್ರಿಯ ಚಿತ್ರಗಳೊಡನೆ ಹೋಲಿಸಿದಾಗ ಅವು ಕೊಂಚ ಸರಿದಂತಿದ್ದವು. ಸೂರ್ಯನ ಅಂಚನ್ನು ಸವರಿ ಬರುವ ಬೆಳಕು 1.75 ವಿಕಲೆಗಳಷ್ಟು ಬಾಗಬೇಕೆಂದು ಐನ್‌ಸ್ಟೈನರು ಲೆಕ್ಕಹಾಕಿದ್ದರು. ಒಂದು ವಿಕಲೆಯೆಂದರೆ ಡಿಗ್ರಿಯ 3600ನೆಯ ಒಂದು ಪಾಲು. ನ್ಯೂಟನ್ನರ ಗುರುತ್ವದಿಂದ ದೊರೆಯುವ ಉತ್ತರ ಇದರ ಅರ್ಧ ಮಾತ್ರ. ಅಳತೆ ಐನ್‌ಸ್ಟೈನರ ಪಕ್ಷಕ್ಕೆ ಒಲಿಯಿತು. ಮುಂದೆ ರೇಡಿಯೋ ದೂರದರ್ಶಕಗಳು ಅದನ್ನು ಇನ್ನಷ್ಟು ನಿಖರವಾಗಿ ದೃಢಪಡಿಸಿದವು.

ಹಾಗಾದರೆ ಶಾಲೆಯ ಪಾಠ ಸುಳ್ಳೇ? ಅಲ್ಲ. ಭೂಗೋಳದ ಗುಂಡಿನ ಮೇಲೆ ದೆಹಲಿಗೂ ನ್ಯೂಯಾರ್ಕಿಗೂ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆಯಿರಿ. ಅದು ಉತ್ತರದ ಧ್ರುವಪ್ರದೇಶದ ಮೂಲಕ ಹಾಯುತ್ತದೆ. ಅದೇ ದಾರಿಯನ್ನು ಗೋಡೆಯ ನಕ್ಷೆಯಲ್ಲಿ ಬರೆದರೆ ಬಿಲ್ಲಿನಂತೆ ಬಾಗಿ ಕಾಣುತ್ತದೆ. ದಾರ ಎಲ್ಲಿಯೂ ಪಕ್ಕಕ್ಕೆ ಹೊರಳಲಿಲ್ಲ, ಬಾಗಿದ್ದು ನೆಲ. ಬೆಳಕಿನ ಕಥೆಯೂ ಹೀಗೆಯೇ. ಸೂರ್ಯನು ತನ್ನ ಸುತ್ತಣ ದೇಶವನ್ನೂ ಕಾಲವನ್ನೂ ಬಾಗಿಸುತ್ತಾನೆ. ಅಲ್ಲಿ ಸಾಧ್ಯವಾದ ಅತಿ ನೇರ ದಾರಿಯನ್ನೇ ಬೆಳಕು ಹಿಡಿಯುತ್ತದೆ. ಕಾಲದ ಬಾಗಿನಿಂದ ಅರ್ಧ, ದೇಶದ ಬಾಗಿನಿಂದ ಇನ್ನರ್ಧ: ಎರಡೂ ಕೂಡಿದಾಗಲೇ 1.75.

ಇದೇ ಸಾಪೇಕ್ಷತೆ ಇನ್ನೊಂದು ಮಾತನ್ನೂ ಹೇಳುತ್ತದೆ. ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು ಸಾಗುವ ಬೆಳಕನ್ನು ಶೂನ್ಯಾಕಾಶದಲ್ಲಿ ಯಾವುದೂ ಬೆನ್ನಟ್ಟಿ ಹಿಡಿಯಲಾರದು. ಅಂದು ನಮ್ಮ ಅಂಗಳವನ್ನು ಮುಟ್ಟಿ ಆಕಾಶಕ್ಕೆ ಮರಳಿದ ಬೆಳಕು ಈಗ 40 ಜ್ಯೋತಿರ್ವರ್ಷಗಳಿಗೂ ಆಚೆ ಇದೆ. ಬಾಗಿಲು ಮುಚ್ಚಿದವರ ಮೇಲೆ ನನಗೆ ಮುನಿಸಿಲ್ಲ. ಅವರು ಕಾಪಾಡಿದೆವೆಂದೇ ನಂಬಿದ್ದರು. ಆದರೆ ಮುಂದಿನ ಗ್ರಹಣಕ್ಕೆ ಮಕ್ಕಳ ಕೈಗೆ ತಕ್ಕ ಕನ್ನಡಕ ಕೊಟ್ಟು ಅಂಗಳಕ್ಕೆ ಕರೆತನ್ನಿ. ಹೋದ ಬೆಳಕು ಮರಳಿ ಸಿಗುವುದಿಲ್ಲ.