ಹೆಬ್ಬೆಟ್ಟು ಕೊಟ್ಟವರ ಹಕ್ಕು

ರೇಷನ್ ಅಂಗಡಿ, ಬ್ಯಾಂಕು, ಸಿಮ್ ಮಾರುವ ಮಳಿಗೆ, ಸಬ್‌ರಿಜಿಸ್ಟ್ರಾರ್ ಕಚೇರಿ: ಈಗ ಎಲ್ಲಿ ಹೋದರೂ ‘ತಂಬ್ ಕೊಡಿ’ ಅನ್ನುತ್ತಾರೆ. ಯಂತ್ರ ಹಳ್ಳಿಹಳ್ಳಿಗೂ ಬಂತು. ಅದರ ಹಿಂದಿರುವ ಕಾನೂನು ಏನು ಹೇಳುತ್ತದೆ ಎಂಬ ತಿಳಿವಳಿಕೆ ಮಾತ್ರ ಅಷ್ಟು ಬೇಗ ಬರಲಿಲ್ಲ. ಆ ಖಾಲಿ ಜಾಗದಲ್ಲಿ ಬೆಳೆದ ಕೆಲವು ನಂಬಿಕೆಗಳಿಂದ ಬಡವರ ದುಡ್ಡು ಹೋಗುತ್ತಿದೆ, ಅಕ್ಕಿಯೂ ತಪ್ಪುತ್ತಿದೆ.

“ಒಟಿಪಿ ಯಾರಿಗೂ ಹೇಳಿಲ್ಲ, ನನ್ನ ದುಡ್ಡಿಗೇನೂ ಆಗಲ್ಲ”

ಒಟಿಪಿ ಇಲ್ಲದೆಯೂ ದುಡ್ಡು ಹೋಗುತ್ತದೆ. ಎಇಪಿಎಸ್ ಎಂಬ ಆಧಾರ್ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇಷ್ಟಿದ್ದರೆ ಸಾಕು. ಕಾರ್ಡೂ ಬೇಡ, ಪಿನ್ನೂ ಬೇಡ. ಒಂದು ಸಲಕ್ಕೆ 10,000 ರೂಪಾಯಿ ತನಕ ತೆಗೆಯಬಹುದು. ಬ್ಯಾಂಕ್ ಶಾಖೆಯೇ ಇಲ್ಲದ ಊರಿನ ವೃದ್ಧೆ ಪಿಂಚಣಿಗಾಗಿ ಬಸ್ ಹತ್ತಿ ತಾಲ್ಲೂಕು ಕೇಂದ್ರಕ್ಕೆ ಹೋಗುವುದನ್ನು ತಪ್ಪಿಸಿದ್ದು ಇದೇ ವ್ಯವಸ್ಥೆ. ಅದರ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಆಧಾರ್ ಜೋಡಿಸಿದ ಎಷ್ಟೋ ಖಾತೆಗಳಲ್ಲಿ ಈ ಸೇವೆ ತಾನಾಗಿಯೇ ತೆರೆದುಕೊಂಡಿರುತ್ತದೆ. ಖಾತೆದಾರರಿಗೆ ಅದು ಇರುವುದೇ ಗೊತ್ತಿರುವುದಿಲ್ಲ.

2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಈ ಬಗೆಯ ದೂರುಗಳು ಸಾಲುಸಾಲಾಗಿ ಬಂದವು. ತನಿಖೆ ಹೋಗಿ ಮುಟ್ಟಿದ್ದು ಆಸ್ತಿ ನೋಂದಣಿಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತಿದ್ದ ದಾಖಲೆಗಳ ಪ್ರತಿಗಳಿಗೆ. ಒಂದು ಕ್ರಯಪತ್ರವನ್ನು ಬಿಡಿಸಿ ನೋಡಿದರೆ ಕಾರಣ ತಿಳಿಯುತ್ತದೆ. ಮಾರಿದವರು, ಕೊಂಡವರು ಎಲ್ಲರ ಫೋಟೊ, ಅದರ ಪಕ್ಕದಲ್ಲೇ ಹೆಬ್ಬೆಟ್ಟಿನ ಗುರುತು, ಸಹಿ. ಗುರುತಿಗೆಂದು ಕೊಟ್ಟ ಆಧಾರ್ ಸಂಖ್ಯೆಯೂ ಎಷ್ಟೋ ಪತ್ರಗಳಲ್ಲಿ ಅಲ್ಲೇ ಇರುತ್ತದೆ. ಕಳ್ಳನಿಗೆ ಬೇಕಾದದ್ದೆಲ್ಲ ಒಂದೇ ಕಡೆ ಸಿಕ್ಕಂತಾಯಿತು. ಆ ಗುರುತಿನ ಅಚ್ಚನ್ನು ಸಿಲಿಕೋನ್‌ನಂಥ ವಸ್ತುವಿನ ಮೇಲೆ ಇಳಿಸಿ ಯಂತ್ರಕ್ಕೆ ಒತ್ತಿದರೆ ಮುಗಿಯಿತು. ಜೀವಂತ ಬೆರಳೋ ನಕಲಿಯೋ ಎಂದು ಪರೀಕ್ಷಿಸುವ ಹೊಸ ತಂತ್ರಾಂಶವನ್ನು ಆಧಾರ್ ಪ್ರಾಧಿಕಾರ ಅದೇ ವರ್ಷ ತಂದಿತು. ಆದರೂ ಮೂಲ ತೊಡಕು ಉಳಿದೇ ಇದೆ. ಪಿನ್ ಸೋರಿದರೆ ಬದಲಿಸಬಹುದು, ಬೆರಳಚ್ಚು ಸೋರಿದರೆ ಬದಲಿಸುವುದು ಹೇಗೆ?

“ಬೆರಳು ನಿಮ್ಮದೇ ಅಂತ ಬ್ಯಾಂಕು ಹೇಳಿದ ಮೇಲೆ ಮಾತಿಲ್ಲ”

ಹಣ ಕಳೆದುಕೊಂಡವರು ಹೆಚ್ಚಾಗಿ ಸೋಲುವುದು ಇಲ್ಲೇ. ಕೌಂಟರಿನಲ್ಲಿ ‘ನಿಮ್ಮ ಬೆರಳಚ್ಚು ಹೊಂದಾಣಿಕೆ ಆಗಿದೆ’ ಎಂದ ಕೂಡಲೇ ತಲೆ ತಗ್ಗಿಸಿ ಹೊರಗೆ ಬರುತ್ತಾರೆ. ನಿಯಮ ಅವರ ಪರವಾಗಿದೆ ಎಂದು ಯಾರೂ ಹೇಳುವುದಿಲ್ಲ.

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕನದ್ದೂ ಅಲ್ಲ ಬ್ಯಾಂಕಿನದ್ದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಆಗಿದೆ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಒಂದು ಮಿತಿಯವರೆಗೆ ಮಾತ್ರ ಹೊಣೆ. ದೂರು ಕೊಟ್ಟ ಹತ್ತು ಕೆಲಸದ ದಿನಗಳಲ್ಲಿ ಆ ಮೊತ್ತವನ್ನು ಬ್ಯಾಂಕು ತಾತ್ಕಾಲಿಕವಾಗಿ ಖಾತೆಗೆ ತುಂಬಬೇಕು, 90 ದಿನಗಳಲ್ಲಿ ದೂರನ್ನು ಇತ್ಯರ್ಥ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾದ ಮಾತು: ತಪ್ಪು ಗ್ರಾಹಕನದ್ದೇ ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ.

ಆದ್ದರಿಂದ ಬಾಯಿಮಾತಿನ ದೂರು ಬೇಡ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದಾಖಲಿಸಿ, ಬ್ಯಾಂಕಿಗೆ ಅರ್ಜಿ ಬರೆದುಕೊಟ್ಟು ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ಯಾವ ಊರಿನ, ಯಾವ ಏಜೆಂಟನ ಯಂತ್ರದಲ್ಲಿ ಹಣ ತೆಗೆಯಲಾಗಿದೆ ಎಂದು ಅರ್ಜಿಯಲ್ಲೇ ಕೇಳಿ. ಪ್ರತಿ ಎಇಪಿಎಸ್ ವಹಿವಾಟೂ ಒಬ್ಬ ಏಜೆಂಟನ ಹೆಸರಿನಲ್ಲೇ ನಡೆಯುವುದರಿಂದ ಆ ವಿವರ ದಾಖಲೆಯಲ್ಲಿರುತ್ತದೆ. ರಾಯಚೂರಿನಲ್ಲಿದ್ದವರ ಬೆರಳು ಅದೇ ಹೊತ್ತಿಗೆ ಬಿಹಾರದಲ್ಲಿ ಒತ್ತಿದೆ ಎಂದಾದರೆ ಬೇರೆ ಸಾಕ್ಷಿ ಯಾಕೆ? 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ಈ ಏಜೆಂಟರನ್ನು ಪರಿಶೀಲಿಸಿಯೇ ನೇಮಿಸಬೇಕು, ಅವರ ಮೇಲೆ ಕಣ್ಣಿಡಬೇಕು ಎಂದು ಬ್ಯಾಂಕುಗಳಿಗೆ ಕೊಟ್ಟ ನಿರ್ದೇಶನ 2026ರ ಜನವರಿ 1ರಿಂದ ಜಾರಿಯಲ್ಲಿದೆ. ಇಷ್ಟು ತಡವಾಗಿ ಬಂದದ್ದು ನನಗೆ ಬೇಸರ ತರುತ್ತದೆ.

“ಬಯೊಮೆಟ್ರಿಕ್ ಲಾಕ್ ಮಾಡಿದರೆ ಎಲ್ಲರೂ ಸುರಕ್ಷಿತ”

ಲಾಕ್ ಮಾಡುವುದು ಒಳ್ಳೆಯದೇ. ಎಂ-ಆಧಾರ್ ಆ್ಯಪ್ ಅಥವಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಉಚಿತವಾಗಿ ಮಾಡಬಹುದು, ಬೇಕಾದಾಗ ತೆರೆಯಬಹುದು. ಆದರೆ ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಕೈಯಲ್ಲಿರಬೇಕು. ಮಗನ ಹಳೇ ನಂಬರು ಕೊಟ್ಟವರು, ಫೋನೇ ಇಲ್ಲದವರು ಏನು ಮಾಡಬೇಕು? ಹಣ ಹೋದ ಸಂದೇಶವೂ ಅಂಥವರಿಗೆ ಬರುವುದಿಲ್ಲ, ಪಾಸ್‌ಬುಕ್ ಎಂಟ್ರಿ ಮಾಡಿಸಿದ ದಿನವೇ ಗೊತ್ತಾಗುವುದು. ಅತಿ ಹೆಚ್ಚು ರಕ್ಷಣೆ ಬೇಕಾದವರ ಕೈಗೆ ಈ ಬೀಗ ಎಟುಕುತ್ತಿಲ್ಲ. ಎಇಪಿಎಸ್ ಬೇಡವಾದರೆ ನಿಲ್ಲಿಸಿ ಎಂದು ಶಾಖೆಗೆ ಅರ್ಜಿ ಕೊಡಬಹುದು. ನನ್ನ ಪ್ರಕಾರ ಕ್ರಮ ತಿರುಗಾಮುರುಗಾ ಆಗಬೇಕು: ಕೇಳಿದವರಿಗೆ ಮಾತ್ರ ಸೇವೆ ತೆರೆಯಬೇಕು.

“ತಂಬ್ ತಗೊಳ್ಳದಿದ್ದರೆ ರೇಷನ್ ಇಲ್ಲ”

ಅಡಿಕೆ ಸುಲಿದು, ಬೀಡಿ ಕಟ್ಟಿ, ಸಿಮೆಂಟು ಕಲಸಿ ಸವೆದ ಬೆರಳನ್ನು ಯಂತ್ರ ಓದುವುದಿಲ್ಲ. ಸೆರಗಿಗೆ ಒರೆಸಿ, ಇನ್ನೊಂದು ಬೆರಳಿಟ್ಟು, ಕೊನೆಗೆ ‘ನಾಳೆ ಬಾ ಅಜ್ಜಿ’ ಅನ್ನಿಸಿಕೊಂಡು ಖಾಲಿ ಚೀಲ ಮಡಚಿ ಹೋಗುವವರನ್ನು ಯಾವ ನ್ಯಾಯಬೆಲೆ ಅಂಗಡಿಯ ಮುಂದೆಯೂ ನೋಡಬಹುದು. ಬೆರಳಚ್ಚು ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಸೌಲಭ್ಯ ನಿರಾಕರಿಸಬಾರದು, ಬೇರೆ ವಿಧಾನದಲ್ಲಿ ಗುರುತಿಸಿ ಕೊಡಬೇಕು ಎಂದು ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರ್ 24ರ ಸುತ್ತೋಲೆಯಲ್ಲಿ ತಿಳಿಸಿದೆ. ಕೊಡದಿದ್ದರೆ ಆಹಾರ ಇಲಾಖೆಗೆ ಲಿಖಿತ ದೂರು ಕೊಡಿ. ನಾಳೆ ಬಾ ಎಂದರೆ ಒಂದು ದಿನದ ಕೂಲಿಯೂ ಹೋಯಿತು ಎಂಬುದು ಅಧಿಕಾರಿಗಳ ಗಮನದಲ್ಲಿರಲಿ.

ಹಾಗೆಂದು ಆಧಾರ್ ಎಲ್ಲೂ ಕಡ್ಡಾಯವಲ್ಲ ಎನ್ನುವುದೂ ಸರಿಯಲ್ಲ. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಸಬ್ಸಿಡಿಗೂ ಪ್ಯಾನ್ ಜೋಡಣೆಗೂ ಆಧಾರನ್ನು ಎತ್ತಿಹಿಡಿಯಿತು. ಬ್ಯಾಂಕ್ ಖಾತೆ, ಸಿಮ್, ಮಕ್ಕಳ ಶಾಲಾ ಪ್ರವೇಶಕ್ಕೆ ಕಡ್ಡಾಯ ಮಾಡುವಂತಿಲ್ಲ ಎಂದಿತು.

“ಖಾಸಗಿತನ ಉಳ್ಳವರ ಚಿಂತೆ”

ಸುಪ್ರೀಂ ಕೋರ್ಟಿನಲ್ಲೂ ಸರ್ಕಾರದ ಪರವಾಗಿ ಇಂಥದೇ ವಾದ ಬಂದಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆ ಅದು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿ ಆ ವಾದವನ್ನು ತಳ್ಳಿಹಾಕಿತು. ಬೆರಳಚ್ಚು ಸೋರಿದಾಗ ಪಿಂಚಣಿ ಕಳೆದುಕೊಳ್ಳುವವರು ಉಳ್ಳವರೇನಲ್ಲ.

“ಹೊಸ ಡೇಟಾ ಕಾನೂನು ನಷ್ಟ ತುಂಬಿಕೊಡುತ್ತದೆ”

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಲ್ಲದು. ಆ ದಂಡ ಸೇರುವುದು ಸರ್ಕಾರದ ಸಂಚಿತ ನಿಧಿಗೆ, ಮಾಹಿತಿ ಸೋರಿ ಕೆಟ್ಟವರಿಗೆ ಒಂದು ರೂಪಾಯಿಯೂ ಇಲ್ಲ. ಮೇಲಾಗಿ, ಕಾಯ್ದೆ ಪೂರ್ತಿ ಜಾರಿಗೆ ಬಂದಾಗ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಪರಿಹಾರಕ್ಕೆ ದಾರಿಯಾಗಿದ್ದ 43ಎ ಕಲಮು ಇಲ್ಲವಾಗುತ್ತದೆ. ಸಂಸತ್ತು ಈ ಕೊರತೆಯನ್ನು ತುಂಬಲೇಬೇಕು. ಅಲ್ಲಿಯ ತನಕ ಕಳೆದ ಹಣಕ್ಕಾಗಿ ಬಾಗಿಲು ತಟ್ಟಬೇಕಾದದ್ದು ಬ್ಯಾಂಕು, ಓಂಬುಡ್ಸ್‌ಮನ್, ಜಿಲ್ಲಾ ಗ್ರಾಹಕ ಆಯೋಗ, ಇದೇ ಕ್ರಮದಲ್ಲಿ.